ಒಡಪು ಮರೆತ ಬಾಯಿ

ಹೋದ ಭಾನುವಾರ ಮನೆ ತುಂಬ ಕೂತಿದ್ದ ಹೆಂಗಸರ ಮುಂದೆ ನನ್ನ ಗಂಡನ ಹೆಸರು ಹೇಳಲಾಗದೆ ನಿಂತಲ್ಲೇ ಬೆವತೆ.

ಹೆಸರು ಮರೆತಿರಲಿಲ್ಲ. (ಅಷ್ಟು ಮರೆವು ಇನ್ನೂ ಬಂದಿಲ್ಲ.) ಗ್ಯಾಸ್ ಸಿಲಿಂಡರ್ ತರುವವನಿಗೆ, ಕೊರಿಯರ್‌ನವನಿಗೆ, ದಾರಿ ತಪ್ಪಿದ ಅತಿಥಿಗಳಿಗೆ 'ಶಿವಾನಂದ ಅವರ ಮನೆ' ಅಂತ ಫೋನಿನಲ್ಲಿ ಕೂಗಿ ಹೇಳುವವಳು ನಾನೇ. ಆದರೆ ಅಲ್ಲಿ ಹಾಗೆ ಬರಿದೇ ಹೇಳುವಂತಿರಲಿಲ್ಲ. ಒಡಪು ಹಾಕಿ ಹೇಳಬೇಕಿತ್ತು.

ಒಡಪು ಅಂದರೇನು ಅಂತ ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗಾಗಿ ಎರಡು ಮಾತು. ನಮ್ಮ ಕಡೆ ಹಿಂದಿನ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. 'ನಮ್ಮನಿಯವರು', 'ಇವರು', 'ಹುಡುಗರ ಅಪ್ಪ', ಹೀಗೇ ಜೀವನ ಪೂರ್ತಿ ನಡೆದುಹೋಗುತ್ತಿತ್ತು. ಮದುವೆ, ತೊಟ್ಟಿಲು, ಕುಬಸ ಅಂತ ಹೆಂಗಸರು ಸೇರಿದಾಗ ಮಾತ್ರ ಒಂದು ರಿಯಾಯಿತಿ. ಪ್ರಾಸ ಕೂಡಿಸಿ ಎರಡು ಸಾಲು ಕಟ್ಟಬೇಕು. ಆ ಸಾಲಿನೊಳಗೆ ಗಂಡನ ಹೆಸರನ್ನು ಕೂರಿಸಿ ಹೇಳಬೇಕು. ಹೇಳದವರನ್ನು ಸುಮ್ಮನೆ ಬಿಡುವುದಿಲ್ಲ. ಅದೇ ಒಡಪು.

ನಾಲತವಾಡದಲ್ಲಿ ನನ್ನ ಕಾಕಾನ (ಚಿಕ್ಕಪ್ಪನ) ಮಗ ಮಹಾಂತೇಶನ ಮನೆ. ಅಲ್ಲಿ ಅವನದೊಂದು ಬಟ್ಟೆ ಅಂಗಡಿ. ಅವನ ಮಗಳು ರೇಖಾಳಿಗೆ ಅವತ್ತು ಕುಬಸ. (ಸೀಮಂತ ಅಂದರೆ ಉಳಿದ ಕಡೆಯವರಿಗೆ ತಿಳಿದೀತು.) ಸಿಂದಗಿಯಿಂದ ನಾನೂ ನನ್ನ ಗಂಡನೂ ಬೆಳಿಗ್ಗೆಯೇ ಕಾರು ಹತ್ತಿದ್ದೆವು. ಹೋಗುವಷ್ಟರಲ್ಲಿ ಪಡಸಾಲೆಯಲ್ಲಿ ಜಮಖಾನೆ ಕಾಣದಷ್ಟು ಹೆಂಗಸರು. ಹಸಿರು ಸೀರೆ, ಮೊಣಕೈವರೆಗೆ ಹಸಿರು ಬಳೆ, ತಲೆಗೆ ಹೂವಿನ ದಂಡೆ ಕಟ್ಟಿಕೊಂಡ ರೇಖಾ ಮಧ್ಯದಲ್ಲಿ ಕುರ್ಚಿಯ ಮೇಲೆ. ಪಕ್ಕದಲ್ಲೇ ಅವಳ ತಾಯಿಯ ತಾಯಿ, ನಾವೆಲ್ಲ 'ಬಾಗೇವಾಡಿ ಅತ್ತಿ' ಅನ್ನುವ ಹಿರಿಯಾಕೆ. ಊರು ಬಸವನ ಬಾಗೇವಾಡಿ. ಯಾವ ಕಾರ್ಯಕ್ರಮಕ್ಕೆ ಹೋದರೂ ಮೈಕ್ ಇಲ್ಲದೆಯೇ ಅದನ್ನು ನಡೆಸಿಕೊಡಬಲ್ಲವರು.

ಆರತಿ ಆಯಿತು. ಉಡಿ ತುಂಬಿದ್ದಾಯಿತು. ಆಮೇಲೆ ಹೆಸರು ಹೇಳುವ ಸರದಿ. ಒಬ್ಬೊಬ್ಬರೇ ಎದ್ದು ಹೇಳಿದರು. ಈಗಿನ ಹುಡುಗಿಯರು ಮೊಬೈಲ್ ನೋಡಿಕೊಂಡು ಓದಿದರು. (ಅದಕ್ಕೂ ಯೂಟ್ಯೂಬಿನಲ್ಲಿ ಚಾನೆಲ್ ಇದೆಯಂತೆ.) ನನ್ನ ಸರದಿ ಬಂದಾಗ ಅತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು.

"ಸುಮ್ಮನ ಕುಂದರ್ರಿ. ಈಗ ಪೇಪರ್‌ನ್ಯಾಗ ಬರೆಯೋರು ಹೇಳ್ತಾರ."

ಎಲ್ಲರ ಕಣ್ಣು ನನ್ನ ಮೇಲೆ. ಬಾಯಿ ತೆರೆದೆ. ಏನೂ ಬರಲಿಲ್ಲ. ಕನ್ನಡ ಪಾಠ ಹೇಳುವ ಲೆಕ್ಚರರ್ ನಾನು, ವಾರ ವಾರ ನಿಮಗೆ ಪುಟಗಟ್ಟಲೆ ಬರೆಯುವವಳು. ಎರಡೇ ಎರಡು ಸಾಲು ಬರಲಿಲ್ಲ. ಕೊನೆಗೆ ಹೇಗೋ ಜೋಡಿಸಿ ಹೇಳಿದ್ದು ಇದು:

"ಜ್ಞಾನದ ದೀಪ ಬೆಳಗಲಿ, ಕನ್ನಡ ಬಳ್ಳಿ ಹಬ್ಬಲಿ,
ಶಿವಾನಂದ ಅವರ ಸಂಗಡ ಸಂಸಾರ ಸದಾ ನಗಲಿ."

ಯಾರೂ ನಗಲಿಲ್ಲ. ಮರ್ಯಾದೆಗೆ ಒಂದಷ್ಟು ಚಪ್ಪಾಳೆ ಬಿತ್ತು. ಹಿಂದೆ ಕೂತಿದ್ದ ಮಸೂತಿ ಊರಿನ ಹೆಂಗಸೊಬ್ಬಳು ಪಕ್ಕದವಳಿಗೆ ಹೇಳಿದ್ದು ನನಗೂ ಕೇಳಿಸಿತು.

"ಛಲೋ ಐತಿ. ಕಡೀಕ ಜೈ ಕರ್ನಾಟಕ ಅನ್ನೋದೊಂದ ಉಳೀತು."

ಅದು ಒಡಪಾಗಿರಲಿಲ್ಲ ನೋಡಿ. ಸಮ್ಮೇಳನದ ಬ್ಯಾನರ್ ಆಗಿತ್ತು.

ನಿಜ ಹೇಳಬೇಕೆಂದರೆ ನನ್ನ ಬಾಯಿ ಒಣಗಿದ್ದು ಅವತ್ತಿನಿಂದಲ್ಲ. ಕೆಲವು ತಿಂಗಳಿಂದ ಈ ಅಂಕಣಕ್ಕೆ ಕೂತರೆ ಮೊದಲ ವಾಕ್ಯಕ್ಕೇ ಒಂದು ಮಧ್ಯಾಹ್ನ ಹೋಗುತ್ತಿತ್ತು. ನೀವು ಗಮನಿಸಿರುತ್ತೀರಿ. (ಗಮನಿಸಿಯೂ ಹೇಳಲಿಲ್ಲ, ಅದು ನಿಮ್ಮ ದೊಡ್ಡತನ.) ಪತ್ರಿಕೆಯ ಹುಡುಗಿ ಫೋನ್ ಮಾಡಿ, "ಮೇಡಂ, ಬರಹ ಚೆನ್ನಾಗಿದೆ, ಸ್ವಲ್ಪ ಹಗುರ ಇದ್ರೆ ಇನ್ನೂ ಚೆನ್ನಾಗಿರುತ್ತೆ" ಅಂದಿದ್ದಳು. ಪಕ್ಕದ ಮನೆಯ ಇನ್ಶೂರೆನ್ಸ್ ಏಜೆಂಟರು ಅಷ್ಟು ಸುತ್ತಿ ಬಳಸಲಿಲ್ಲ.

"ಮೊದಲ ನಿಮ್ಮದು ಓದಿ ನಗತಿದ್ವಿರಿ ಮೇಡಮ್ಮರ. ಈಗ ಓದಿ ತಲಿ ಅಲ್ಲಾಡಸ್ತೇವಿ."

ತಲೆ ಅಲ್ಲಾಡಿಸುವುದು ಅಂದರೆ ಮೆಚ್ಚಿಗೆಯೋ, ನಿದ್ದೆಯೋ? ಕೇಳುವ ಧೈರ್ಯ ಆಗಲಿಲ್ಲ.

ಔಷಧಿ ಹುಡುಕದೆ ಬಿಡುತ್ತೇನೆಯೇ? 'ನಿಮ್ಮೊಳಗಿನ ಮಗುವನ್ನು ಎಬ್ಬಿಸಿ' ಅನ್ನುವ ಆನ್‌ಲೈನ್ ವರ್ಕ್‌ಶಾಪ್ ಒಂದನ್ನು ನೋಡಿದೆ. ಮೃದು ದನಿಯ ಹೆಣ್ಣುಮಗಳು ಕಣ್ಣು ಮುಚ್ಚಿ ಅಂದಳು, ಮುಚ್ಚಿದೆ. ಬಾಲ್ಯದ ಅಂಗಳಕ್ಕೆ ಹೋಗಿ ಅಂದಳು, ಹೋಗಲು ನೋಡಿದೆ. ಅಷ್ಟರಲ್ಲಿ ಕುಕ್ಕರ್ ಕೂಗಿತು. ಆಮೇಲೆ ದೊಡ್ಡವರಿಗೆಂದೇ ಮಾರುವ ಬಣ್ಣ ತುಂಬುವ ಪುಸ್ತಕ ತರಿಸಿಕೊಂಡೆ. ಮಕ್ಕಳ ಹಾಗೆ ಬಣ್ಣ ತುಂಬಿ, ಮನಸ್ಸು ಹಗುರಾಗುತ್ತದೆ ಅಂತ ಅದರ ಮೇಲೆ ಬರೆದಿತ್ತು. ತುಂಬಿದೆ. ಒಂದು ಕಡೆಯೂ ಗೆರೆ ದಾಟದಂತೆ ತುಂಬಿದೆ. ಮುಗಿಸಿ ನೋಡಿದರೆ ನನ್ನದೇ ಪುಟಕ್ಕೆ ಹತ್ತಕ್ಕೆ ಹತ್ತು ಅಂಕ ಕೊಡಬೇಕೆನ್ನಿಸಿತು. ಅದು ಮಗು ಬಂದ ಲಕ್ಷಣವೇ? ಮೇಷ್ಟ್ರು ಬಂದು ಕೂತ ಲಕ್ಷಣ.

ಅವತ್ತು ನಾಲತವಾಡದಲ್ಲಿ ಬ್ಯಾನರ್ ಕಟ್ಟಿ ಮುಗಿದ ಮೇಲೆ ನೀರು ಕುಡಿಯುವ ನೆಪ ಮಾಡಿ ಅಡುಗೆಮನೆಗೆ ಹೋದೆ. ಅಲ್ಲಿ ಶಾರದಾ ಚಿಗವ್ವ ಇದ್ದಳು. ಒಬ್ಬಳೇ.

ಚಿಗವ್ವ ಅಂದರೆ ನನ್ನ ಕಾಕಾನ ಹೆಂಡತಿ, ಮಹಾಂತೇಶನ ತಾಯಿ, ರೇಖಾಳ ಆಯಿ. ಮೊಮ್ಮಗಳ ಕುಬಸ ಪಡಸಾಲೆಯಲ್ಲಿ ನಡೆಯುತ್ತಿತ್ತು. ಆಯಿ ಒಳಗೆ ಗ್ಯಾಸಿನ ಮುಂದೆ ನಿಂತು ಚಹಾಕ್ಕೆ ನೀರಿಡುತ್ತಿದ್ದಳು. ಕಾಕಾ ತೀರಿಹೋಗಿ ಐದಾರು ವರ್ಷವಾಯಿತು. ಇಂಥ ಶುಭಕಾರ್ಯದಲ್ಲಿ ಮುತ್ತೈದೆಯರ ನಡುವೆ ತಾನು ಕೂರಬಾರದೆಂದು ಆಕೆಯೇ ಎದ್ದು ಒಳಗೆ ಬಂದಿದ್ದಳು. ಯಾರೂ ಒಳಗೆ ಕಳಿಸಿರಲಿಲ್ಲ. ಯಾರೂ ಹೊರಗೆ ಕರೆದೂ ಇರಲಿಲ್ಲ.

ಈ ಚಿಗವ್ವನ ವಿಷಯ ಸ್ವಲ್ಪ ಹೇಳಬೇಕು. ಅದಕ್ಕೆ ನಿಮ್ಮನ್ನು ಹೊರ್ತಿಗೆ ಕರೆದುಕೊಂಡು ಹೋಗಬೇಕು.

ಇಂಡಿ ತಾಲೂಕಿನ ಹೊರ್ತಿ ನಾನು ಹುಟ್ಟಿ ಬೆಳೆದ ಊರು. ನಮ್ಮ ಓಣಿಯ ಹೆಂಗಸರು ಮಧ್ಯಾಹ್ನದ ಊಟ ಮುಗಿಸಿ ನಮ್ಮ ಮನೆಯ ಕಟ್ಟೆಯ ಮೇಲೆ ಸೇರುತ್ತಿದ್ದರು. ಮಡಿಲಲ್ಲಿ ಶೇಂಗಾ, ಬಾಯಲ್ಲಿ ಊರ ಸುದ್ದಿ. ಸುಲಿದ ಸಿಪ್ಪೆ ಗಾಳಿಗೆ ಓಣಿಯುದ್ದಕ್ಕೂ ಓಡುತ್ತಿತ್ತು. ನಾನು ಅವರ ಮಧ್ಯೆ ತೂರಿಕೊಂಡು ಕೂರುತ್ತಿದ್ದೆ. ನನಗೊಂದು ಚಟ. ಕಂಡದ್ದಕ್ಕೆಲ್ಲ ಪ್ರಾಸ ಕಟ್ಟುವುದು. ಎಮ್ಮೆಗೆ, ಬಕೆಟ್ಟಿಗೆ, ಬಾಗಿಲಿಗೆ ಬಂದ ಬಳೆಗಾರನಿಗೆ. ಅದು ಹೆಂಗಸರಿಗೆ ಗೊತ್ತಾದದ್ದೇ ತಡ, ನನಗೆ ಕೆಲಸ ಬಿತ್ತು. ಯಾವ ಊರಿಗೆ ಮದುವೆಗೆ ಹೋಗುವುದಿದ್ದರೂ ಮೊದಲು ನನ್ನ ಹತ್ತಿರ ಬರುವುದು.

"ಏ ಸುಮಿ, ನಮ್ಮನಿಯವರಿಗೆ ಒಂದ ಒಡಪಾ ಕಟ್ಟ ಕೊಡ."

ಕೂಲಿ ಒಂದು ಹಿಡಿ ಶೇಂಗಾ, ಒಂದು ಚೂರು ಬೆಲ್ಲ. ಎದುರುಮನೆಯ ಸಿದ್ರಾಮಪ್ಪನವರು ಮಲಗಿದರೆ ಓಣಿಗೆಲ್ಲ ಗೊರಕೆ ಕೇಳುತ್ತಿತ್ತು. ಅವರ ಹೆಂಡತಿಗೆ ನಾನು ಕಟ್ಟಿಕೊಟ್ಟದ್ದು:

"ಅಟ್ಟದ ಮ್ಯಾಲ ಬೆಕ್ಕ, ಬಿಲದಾಗ ಇಲಿ,
ಸಿದ್ರಾಮಪ್ಪನವರು ಗೊರಕಿ ಹೊಡದ್ರ ಮನ್ಯಾಗ ಬಂತು ಹುಲಿ."

ಆಕೆ ಅದನ್ನು ಇಂಡಿಯ ಒಂದು ಮದುವೆಯಲ್ಲಿ ಹೇಳಿದಾಗ ಹಂದರದಲ್ಲಿ ಜನ ಬಿದ್ದುಬಿದ್ದು ನಕ್ಕರಂತೆ. ಸಿದ್ರಾಮಪ್ಪನವರೇ ಮರುದಿನ ನನ್ನನ್ನು ಕರೆದು, "ಹುಲಿ ಅಂದೆಲ್ಲ, ಸಾಕ್ ನೋಡ್" ಅಂತ ಲಿಂಬೆಹುಳಿ ಪೆಪ್ಪರಮೆಂಟು ಕೊಟ್ಟರು.

ಅಂಥ ದಿನಗಳಲ್ಲೇ ಶಂಕ್ರಪ್ಪ ಕಾಕಾನ ಮದುವೆಯಾಯಿತು. ನನಗಾಗ ಎಂಟು ವರ್ಷವಿರಬೇಕು. ಶಾರದಾ ಚಿಗವ್ವ ಹದಿನೆಂಟು ತುಂಬಿದ ಹುಡುಗಿ. ಹೊಸ ಮದುಮಗಳನ್ನು ಹೊಸ್ತಿಲಲ್ಲಿ ತಡೆದು ನಿಲ್ಲಿಸಿದರು. ಹೆಸರು ಹೇಳಿದರೆ ಮಾತ್ರ ಒಳಗೆ. ಆಕೆ ಹೆದರಿಹೋಗಿದ್ದಳು. ತವರಿನಲ್ಲಿ ಬಾಯಿಪಾಠ ಮಾಡಿಸಿದ್ದೆಲ್ಲ ಮರೆತಿತ್ತು. ಕಣ್ಣಲ್ಲಿ ನೀರು ನಿಂತಿತ್ತು. ಒಳಗೆ ಬಿಡಿ ಅಂತ ಹೇಳುವವರು ಯಾರೂ ಇಲ್ಲ. ಎಲ್ಲರಿಗೂ ತಮಾಷೆ.

ನಾನು ಜನರ ಕಾಲ ಸಂದಿಯಿಂದ ನುಸುಳಿ ಹೋಗಿ ಆಕೆಯ ಸೆರಗು ಜಗ್ಗಿದೆ. ಆಕೆ ಬಗ್ಗಿದಳು. ಕಿವಿಯಲ್ಲಿ ಹೇಳಿದೆ. ಆಕೆ ನನ್ನ ಮುಖವನ್ನೊಮ್ಮೆ ನೋಡಿ, ಬೇರೆ ದಾರಿಯಿಲ್ಲದೆ, ನಾನು ಹೇಳಿದ್ದನ್ನೇ ಹೇಳಿದಳು.

"ತಾಟಿನ್ಯಾಗ ಮಜ್ಜಿಗಿ, ಮಜ್ಜಿಗ್ಯಾಗ ನೊಣ,
ಸಿಟ್ಟ ಬಂದ್ರೂ ನಗತಾರ, ಶಂಕ್ರಪ್ಪನವರ ಗುಣ."

ನಾನು ಕಂಡದ್ದನ್ನೇ ಹೇಳಿದ್ದೆ. ಮದುವೆಗೆ ಮುಂಚೆ ಒಂದು ದಿನ ಊಟಕ್ಕೆ ಕೂತಾಗ ಕಾಕಾನ ಮಜ್ಜಿಗೆಯಲ್ಲಿ ನೊಣ ಬಿದ್ದಿತ್ತು. ನಮ್ಮಪ್ಪನಾಗಿದ್ದರೆ ಕೂಗಾಡಿ ಮನೆ ಎತ್ತಿಡುತ್ತಿದ್ದ. ಕಾಕಾ ಬೆರಳಿನಿಂದ ನೊಣ ತೆಗೆದು, "ಪಾಪ, ಇದಕ್ಕೂ ಬಿಸಲಿಗೆ ನೀರಡಿಕಿ ಆಗಿತ್ತು" ಅಂದು ನಕ್ಕಿದ್ದ. ಅಷ್ಟೇ. ಒಡಪು ಕೇಳಿ ಹೊಸ್ತಿಲಿನ ಹೆಂಗಸರೆಲ್ಲ ನಕ್ಕರು. ಕಾಕಾ ಎಲ್ಲರಿಗಿಂತ ಜೋರಾಗಿ ನಕ್ಕ. ಚಿಗವ್ವ ನಗುತ್ತ, ಕಣ್ಣೊರೆಸಿಕೊಳ್ಳುತ್ತ ಒಳಗೆ ಕಾಲಿಟ್ಟಳು. ಅವತ್ತಿನಿಂದ ನಾವಿಬ್ಬರೂ ಗೆಳತಿಯರು.

ಮತ್ತೆ ಆ ಹುಡುಗಿ, ಅಂದರೆ ನಾನು, ಎಲ್ಲಿ ಹೋದೆ?

ಧಾರವಾಡಕ್ಕೆ ಓದಲು ಹೋದೆ. ಹಾಸ್ಟೆಲಿನಲ್ಲಿ ಒಂದು ಸಂಜೆ ಒಡಪು ಹೇಳಿದೆ. ಹುಡುಗಿಯರು ನಕ್ಕರು. ಹೊರ್ತಿಯ ಕಟ್ಟೆಯ ನಗು ಅದಾಗಿರಲಿಲ್ಲ. 'ಮ್ಯಾಲ', 'ಬಿಲದಾಗ' ಅಂತ ನನ್ನ ಮಾತನ್ನು ಅಣಕಿಸಿ ನಕ್ಕರು. ಕ್ಲಾಸಿನಲ್ಲಿ ಬರೆದ ಪ್ರಬಂಧ ವಾಪಸು ಬಂದಾಗ ಅಂಚಿನಲ್ಲಿ ಕೆಂಪು ಶಾಯಿಯ ಒಂದೇ ಶಬ್ದವಿತ್ತು. ಗ್ರಾಮ್ಯ. ಪಾಠ ಹೇಳುವವರು ಒಳ್ಳೆಯವರೇ, ಕೆಟ್ಟ ಮನಸ್ಸಿನಿಂದ ಬರೆದದ್ದಲ್ಲ. ನಾನು ಜಾಣ ಹುಡುಗಿ. ಬೇಗ ತಿದ್ದಿಕೊಂಡೆ. ಆಮೇಲೆ ಮೂವತ್ತು ವರ್ಷ ಬೇರೆಯವರ ಪ್ರಬಂಧದ ಅಂಚಿನಲ್ಲಿ ನಾನೂ ಕೆಂಪು ಶಾಯಿಯಲ್ಲಿ ಬರೆದೆ. ಸಂಬಳ ಬಂತು, ಹೆಸರು ಬಂತು, ನಿಮ್ಮಂಥ ಓದುಗರು ಸಿಕ್ಕರು. ಪ್ರಾಸ ಹೋಯಿತು. ಹೋದದ್ದೂ ಗೊತ್ತಾಗಲಿಲ್ಲ.

ಈಗ ಅಡುಗೆಮನೆಗೆ ಬನ್ನಿ.

ಚಿಗವ್ವ ತಿರುಗಿ ನೋಡದೆಯೇ ಮಾತಾಡಿದಳು.

"ಹೊರಗ ಹೇಳಿದ್ದು ಕೇಳಿದೆ. ಅದ ಯಾರ ಬರದ ಕೊಟ್ರು ನಿನಗ?"

"ಯಾರೂ ಕೊಡಲಿಲ್ಲ ಚಿಗವ್ವ. ನಂದ ಅದು."

"ನಿಂದಲ್ಲ ಬಿಡು. ನಿನ್ನ ಒಡಪಾ ನನಗ ಗೊತ್ತಿಲ್ಲೇನು?"

"ಈಗ ಬರಂಗಿಲ್ಲ ಚಿಗವ್ವ. ಎಷ್ಟ ವಿಚಾರ ಮಾಡಿದ್ರೂ ಬರಂಗಿಲ್ಲ."

ಆಕೆ ಗ್ಯಾಸ್ ಸಣ್ಣದು ಮಾಡಿ ನನ್ನ ಕಡೆ ತಿರುಗಿದಳು.

"ವಿಚಾರ ಯಾವಾಗ ಮಾಡತಿದ್ದಿ ನೀ? ಮೊದಲ ಬಾಯಿ ತಗೀತಿದ್ದಿ. ಕಣ್ಣಿಗಿ ಏನ ಬಿತ್ತು ಅದನ್ನ ಒದರತಿದ್ದಿ. ಹಿಂದಿಂದು ತಾನ ಬರ್ತಿತ್ತು. ಈಗ ಮೊದಲ ಕಡೀ ಮಾತ ಹುಡುಕಾಕ ಹೋಗ್ತಿ, ಅದಕ್ಕ ಬಾಯಿ ಕಟ್ಟೈತಿ. ಹೂಂ, ಇಲ್ಲಿ ಏನ ಕಾಣತೈತಿ, ಹೇಳು."

"ಇಲ್ಲೇನೈತಿ? ಬುಟ್ಟ್ಯಾಗ ಬದನಿಕಾಯಿ."

"ಮತ್ತ?"

"ಮೂಲ್ಯಾಗ ತೆಂಗಿನಕಾಯಿ."

"ಹಾಂ. ನಿಲ್ಲಬ್ಯಾಡ."

ನಿಲ್ಲಲಿಲ್ಲ.

"ಬುಟ್ಟ್ಯಾಗ ಬದನಿಕಾಯಿ, ಮೂಲ್ಯಾಗ ತೆಂಗಿನಕಾಯಿ,
ಶಿವಾನಂದ ಅವರು ಮೊಬೈಲ್ ಹಿಡದ್ರ ಮುಚ್ಚಿಹೋತು ಬಾಯಿ."

ಚಿಗವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಾನೂ ನಕ್ಕೆ. ಆಮೇಲೆ ಹೆಂಚಿನ ಮೇಲೊಂದು, ಲಟ್ಟಣಿಗೆಯ ಮೇಲೊಂದು, ಫ್ರಿಜ್ಜಿನ ಮೇಲೊಂದು. ಅರ್ಧಕ್ಕರ್ಧ ಕೆಟ್ಟವು. ಒಂದೆರಡನ್ನು ಇಲ್ಲಿ ಬರೆಯುವ ಹಾಗೇ ಇಲ್ಲ. (ನನ್ನ ವಿದ್ಯಾರ್ಥಿಗಳೂ ಈ ಅಂಕಣ ಓದುತ್ತಾರೆ.) ಆದರೆ ಬಾಯಿ ಬಿಚ್ಚಿತ್ತು. ಎಷ್ಟೋ ದಿನದಿಂದ ಕಟ್ಟಿದ್ದ ಮೂಗು ತೆರೆದು ಉಸಿರಾಡಿದ ಹಾಗೆ.

"ಇವೆಲ್ಲ ಇರಲಿ" ಅಂದಳು ಚಿಗವ್ವ. "ನನಗ ಹೊಸ್ತಿಲದಾಗ ಕಟ್ಟಕೊಟ್ಟಿದ್ದೆಲ್ಲ, ಅಂಥಾದ್ದ ಮತ್ತ ಆಗಲಿಲ್ಲ ನೋಡು. ತಾಟಿನ್ಯಾಗ ಮಜ್ಜಿಗಿ, ಮಜ್ಜಿಗ್ಯಾಗ ನೊಣ, ಸಿಟ್ಟ ಬಂದ್ರೂ ನಗತಾರ..."

ಅಲ್ಲಿಗೆ ತಡೆದಳು. "...ಅವರ ಗುಣ" ಅಂದು ಮುಗಿಸಿದಳು.

"ಹೆಸರ ಬಿಟ್ಟಿ ಚಿಗವ್ವ."

"ಹೂಂ."

"ಯಾಕ?"

ಆಕೆ ಚಹಾದ ಕಪ್ಪುಗಳನ್ನು ತಟ್ಟೆಯಲ್ಲಿ ಸಾಲಾಗಿ ಜೋಡಿಸುತ್ತಿದ್ದಳು. ಜೋಡಿಸುತ್ತಲೇ ಹೇಳಿದಳು.

"ಅವರ ಇದ್ದಾಗ ಬರೇ ಹೆಸರ ತಗೊಳ್ಳಾಕ ಬರ್ತಿರಲಿಲ್ಲ. ಒಡಪಿನ್ಯಾಗ ಅಷ್ಟ. ಯಾರದರ ಮದುವಿ ಬಂತಂದ್ರ ನನಗ ಅದ ಒಂದ ಖುಷಿ, ಅವರ ಹೆಸರ ಬಾಯಿ ತುಂಬ ಹೇಳಬಹುದಂತ. ಅವರ ಹೋದ ಮ್ಯಾಲ ಒಡಪಾ ಹೇಳ ಅಂತ ಯಾರ ಕೇಳ್ತಾರ ನನ್ನ? ನಮ್ಮಂಥವರು ಹೇಳಂಗಿಲ್ಲ. ಹೆಸರಿಗಿ ಇದ್ದಿದ್ದ ಅದೊಂದ ಬಾಗಲ, ಅದೂ ಮುಚ್ಚಿತು. ಅವರ ಹೋದ ದಿನದಿಂದ ಅವರ ಹೆಸರ ನನ್ನ ಬಾಯಾಗ ಬಂದಿಲ್ಲ ನೋಡ ಸುಮಿ."

ನಾನು ಓದಿದವಳು. ಈ ವಿಷಯದ ಮೇಲೆ ಸೆಮಿನಾರಿನಲ್ಲಿ ಭಾಷಣ ಮಾಡಿದವಳು. ಕಾಲೇಜಿನ ಹುಡುಗಿಯರಿಗೆ ವಿಧವೆಯರ ಬವಣೆ ಅಂತ ಪಾಠ ಹೇಳಿದವಳು. ನನ್ನ ಚಿಗವ್ವನ ಬಾಯಿಯಿಂದ ಒಂದು ಹೆಸರು ಹೋಗಿದೆ ಅನ್ನುವುದು ನನ್ನ ಗಮನಕ್ಕೇ ಬಂದಿರಲಿಲ್ಲ. ಸಮಾಧಾನದ ಮಾತು ಹುಡುಕಿದೆ. ಎಲ್ಲವೂ ಬ್ಯಾನರಿನ ಮಾತುಗಳೇ. ಹಾಗಾಗಿ ಮಾತು ಬಿಟ್ಟು, ಕಣ್ಣಿಗೆ ಬಿದ್ದದ್ದನ್ನು ಹೇಳಿದೆ.

"ಒಲಿ ಮ್ಯಾಲ ಚಾ."

ಚಿಗವ್ವ ತಲೆಯೆತ್ತಿದಳು. ಆಟ ಅಂತ ಗೊತ್ತಾಯಿತು.

"ಚಾದಾಗ ಶುಂಠಿ" ಅಂದೆ.

ಅಂದವಳೇ ಗಪ್ಪಾದೆ. ಶುಂಠಿಗೆ ಯಾವ ಪ್ರಾಸ ಬರುತ್ತದೆ ಅಂತ ನಿಮಗೂ ಹೊಳೆದಿರಬೇಕು. ನನಗೂ ಹೊಳೆಯಿತು, ಬಾಯಿಂದ ಶಬ್ದ ಜಾರಿದ ಮೇಲೆ. ಗಂಡ ಸತ್ತ ಹೆಂಗಸಿನ ಮುಂದೆ ಆ ಶಬ್ದ ಆಡುವುದುಂಟೆ? ಬೇರೆ ಪ್ರಾಸಕ್ಕೆ ತಡಕಾಡಿದೆ. ಗಂಟಿ, ತುಂಟಿ, ಕಂಟಿ. ಯಾವುದೂ ಕೂಡಲಿಲ್ಲ.

"ಯಾಕ ನಿಂತಿ?" ಅಂದಳು ಚಿಗವ್ವ.

"ಬ್ಯಾರೆ ತಗೊಳ್ಳೋಣ ಚಿಗವ್ವ. ಇದ ಸರಿ ಆಗಂಗಿಲ್ಲ."

"ಶುಂಠಿಗಿ ಏನ ಬರ್ತೈತಿ ಅಂತ ನನಗೂ ಗೊತ್ತೈತಿ. ನಾ ಏನ ಸಣ್ಣಾಕಿ ಏನ?"

ಕಪ್ಪು ಕೆಳಗಿಟ್ಟಳು. ಸೆರಗು ಸರಿಮಾಡಿಕೊಂಡಳು, ಸಭೆಯಲ್ಲಿ ನಿಂತವರ ಹಾಗೆ. ಕಣ್ಣು ನನ್ನ ಮೇಲಿರಲಿಲ್ಲ.

"ಒಲಿ ಮ್ಯಾಲ ಚಾ, ಚಾದಾಗ ಶುಂಠಿ,
ಶಂಕ್ರಪ್ಪನವರ ಹೆಸರೈತಿ, ನಾ ಅಲ್ಲ ಒಂಟಿ."

ದನಿ ಮೆತ್ತಗಿತ್ತು. ಆದರೆ ಹೆಸರಿನ ಹತ್ತಿರ ಬಂದಾಗ ಗಟ್ಟಿಯಾಯಿತು. ಶಂ-ಕ್ರ-ಪ್ಪ-ನ-ವ-ರ. ಒಂದೊಂದು ಅಕ್ಷರವನ್ನೂ ಬಾಯಲ್ಲಿ ಇಟ್ಟುಕೊಂಡು ರುಚಿ ನೋಡಿ ಹೊರಗೆ ಬಿಟ್ಟ ಹಾಗೆ. ಆಮೇಲೆ ಅಳಲಿಲ್ಲ, ನಕ್ಕಳು. ಅಳಲು ಶುರುಮಾಡಿದ್ದು ನಾನು.

"ಶಾರದವ್ವ."

ಬಾಗಿಲಲ್ಲಿ ಬಾಗೇವಾಡಿ ಅತ್ತಿ. ಚಹಾ ಯಾಕೆ ಬರಲಿಲ್ಲ ಅಂತ ನೋಡಲು ಬಂದವರು ಎಲ್ಲ ಕೇಳಿಸಿಕೊಂಡಿದ್ದರು. ಅವರ ಹಿಂದೆ ಇನ್ನೂ ನಾಲ್ಕೈದು ಜನ.

"ಶಾರದವ್ವ, ಇಂಥಾ ದಿನ ಹಂಗ ಹೇಳಬಾರದವ್ವ. ಮನ್ಯಾಗ ಬಸರ ಹೆಣಮಗಳ ಅದಾಳ."

ಚಿಗವ್ವ ಹೆದರುತ್ತಾಳೆ ಅಂದುಕೊಂಡೆ. ಹೆದರಲಿಲ್ಲ.

"ಹೇಳಿದೆನ್ರಿ ಬೀಗತಿ. ಹೇಳಿದ್ದ ಆತು. ಈಗ ನುಂಗಾಕ ಬರಂಗಿಲ್ಲ."

ಅಷ್ಟರಲ್ಲಿ ಹಸಿರು ಬಳೆಗಳ ಸದ್ದಾಯಿತು. ರೇಖಾ ಕುರ್ಚಿಯಿಂದ ಎದ್ದು, ಹೂವಿನ ದಂಡೆ ಒಂದು ಕಡೆ ಜಾರಿದ್ದರೂ ಸರಿಮಾಡಿಕೊಳ್ಳದೆ, ಹೆಂಗಸರನ್ನು ದಾಟಿ ಒಳಗೆ ಬಂದಳು. ಅಜ್ಜಿ ಅನ್ನಿಸಿಕೊಂಡವರು ಇಬ್ಬರೂ ಎದುರುಬದುರು ನಿಂತಿದ್ದರು. ಅವಳು ಶಾರದಾ ಚಿಗವ್ವನ ಹತ್ತಿರ ಹೋದಳು.

"ಆಯಿ, ಮುತ್ಯಾನ ಹೆಸರ ನಿನ್ನ ಬಾಯಿಲೆ ಎಷ್ಟ ವರ್ಷಕ್ಕ ಇವತ್ತ ಕೇಳಿದೆ ನೋಡು. ಏನೋ ಮಜ್ಜಿಗಿದ ಅಂದೆಲ್ಲ ಮೊದಲ, ಅದ ಏನದು? ಪೂರಾ ಹೇಳ. ಹೆಸರ ಹಿಡಿದ ಹೇಳ."

"ಬ್ಯಾಡವ್ವ. ನಿಮ್ಮ ಬಾಗೇವಾಡಿ ಅಮ್ಮ ಸಿಟ್ಟ ಆಗ್ತಾರ."

"ಅಮ್ಮಗ ನಾ ಹೇಳ್ತೇನಿ. ನೀ ಹೇಳ."

ಚಿಗವ್ವ ಹೇಳಿದಳು. ಈ ಸಲ ಎಲ್ಲರ ಮುಂದೆ, ಹೆಸರಿನ ಸಮೇತ, ಎರಡೂ ಸಾಲು. ಎಲ್ಲರೂ ಅತ್ತಿಯ ಮುಖ ನೋಡುತ್ತಿದ್ದರು. ಅತ್ತಿ ನೆಲ ನೋಡುತ್ತಿದ್ದರು.

"ಬೀಗರು ನಗತಿದ್ರು, ಖರೇನ" ಅಂದರು ಕೊನೆಗೆ. "ನಮ್ಮನಿಯವರ ತಾಟಿನ್ಯಾಗ ನೊಣ ಬಿದ್ದಿದ್ರ ತಾಟ ಓಣ್ಯಾಗ ಹೋಗಿ ಬೀಳತಿತ್ತು."

ಮಸೂತಿಯ ಹೆಂಗಸು ಮೊದಲು ನಕ್ಕಳು. ಆಮೇಲೆ ಎಲ್ಲರೂ. ಚಹಾ ಉಕ್ಕಿ ಗ್ಯಾಸಿನ ಮೇಲೆ ಹರಿದದ್ದು ಯಾರಿಗೂ ಗೊತ್ತಾಗಲಿಲ್ಲ.

ಎಲ್ಲವೂ ಸುಖಾಂತ ಅಂತ ಹೇಳುವುದಿಲ್ಲ. ಇಬ್ಬರು ಹೆಂಗಸರು ಮುಖ ಮುಖ ನೋಡಿಕೊಂಡು ಊಟಕ್ಕೆ ನಿಲ್ಲದೆ ಹೊರಟುಬಿಟ್ಟರು. ಬಸ್ಸಿನಲ್ಲಿ ನಮ್ಮನ್ನೇ ಆಡಿಕೊಂಡಿರುತ್ತಾರೆ. ಅತ್ತಿಯೂ ಪೂರ್ತಿ ಬದಲಾದವರಲ್ಲ. ಚಿಗವ್ವನನ್ನು ಪಡಸಾಲೆಗೆ ಬನ್ನಿ ಅಂತ ಕರೆಯಲಿಲ್ಲ. ಆದರೆ ತಾವು ಅಡುಗೆ ಮನೆಯಲ್ಲೇ ಒಂದು ಮಣೆ ಎಳೆದುಕೊಂಡು ಕೂತರು. ಅತ್ತಿ ಕೂತಲ್ಲಿ ಸಭೆ. ಉಳಿದ ಒಡಪುಗಳೆಲ್ಲ ಅಲ್ಲೇ ಆದವು. ಮೊಬೈಲ್ ನೋಡಿ ಓದಿದ್ದ ಹುಡುಗಿಯರು ಈಗ ಸ್ವಂತ ಕಟ್ಟತೊಡಗಿದರು. ಒಬ್ಬಳು ತನ್ನ ಗಂಡನನ್ನು ಮಿಕ್ಸರಿಗೆ ಹೋಲಿಸಿದಳು. ಸದ್ದು ಜಾಸ್ತಿಯಂತೆ.

ಮನೆಗೆ ಬಂದು ಈ ಅಂಕಣಕ್ಕೆ ಕೂತೆ. ಮೊದಲ ವಾಕ್ಯಕ್ಕೆ ಮಧ್ಯಾಹ್ನ ಹೋಗಲಿಲ್ಲ. ಸರಿಯಾಗಿದೆಯೋ ಇಲ್ಲವೋ ನೀವು ಹೇಳಬೇಕು. ಅಂಕಣಕ್ಕಾಗಿ ಯಾವ ಮಗುವನ್ನೂ ನಾನು ಎಬ್ಬಿಸಲಿಲ್ಲ. ಕೊನೆಯ ಶಬ್ದ ಏನಾಗುತ್ತದೋ ಎಂಬ ಹೆದರಿಕೆ ಇಲ್ಲದೆ ಬಾಯಿ ತೆರೆಯುವ ಧೈರ್ಯ ಎಂಟು ವರ್ಷದವಳಿಗಿತ್ತು. ಐವತ್ತಾರರವಳಿಗೆ ಇರಲಿಲ್ಲ. ಅರವತ್ತಾರರ ಚಿಗವ್ವನಿಗೆ ಇನ್ನೂ ಇತ್ತು. ಇಷ್ಟೇ ನನಗೆ ಗೊತ್ತಾದದ್ದು.

ಮೊನ್ನೆ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಉತ್ತರ ಪತ್ರಿಕೆ ತಿದ್ದುತ್ತ ಕೂತಿದ್ದೆ. ಚಿಗವ್ವನ ಫೋನು. ಆರೋಗ್ಯ ಕೇಳಲಿಲ್ಲ, ಊಟ ಕೇಳಲಿಲ್ಲ.

"ಸುಮಿ, ಗ್ಯಾಸ್ ಮ್ಯಾಲ ಕುಕ್ಕರ, ಕುಕ್ಕರನ್ಯಾಗ ಬ್ಯಾಳಿ. ಮುಂದಿಂದ ಹೇಳ."

ಸುತ್ತ ಸಹೋದ್ಯೋಗಿಗಳು. ಪ್ರಿನ್ಸಿಪಾಲರು ಬಾಗಿಲಲ್ಲೇ ಇದ್ದರು. ನಾನು ಪೆನ್ನು ಕೆಳಗಿಟ್ಟೆ.

"ಶಂಕ್ರಪ್ಪನವರು ಮೀಸಿ ತಿರುವಿದ್ರ ನಿಂತಹೋತು ಗಾಳಿ" ಅಂದೆ, ಎಲ್ಲರಿಗೂ ಕೇಳುವಂತೆ.

ಆ ಕಡೆಯಿಂದ ನಗು. ಈ ಕಡೆ ಸ್ಟಾಫ್ ರೂಮೆಲ್ಲ ನನ್ನನ್ನೇ ನೋಡುತ್ತಿತ್ತು. ಹಿರಿಯ ಮೇಷ್ಟ್ರೊಬ್ಬರು ಕನ್ನಡಕ ತೆಗೆದು, "ಏನ್ರಿ ಮೇಡಂ, ಈ ವಯಸ್ಸಿನ್ಯಾಗ ಹುಡುಗಾಟ?" ಅಂದರು.

ಈಗ ನಿಮ್ಮನ್ನು ಕೇಳುತ್ತೇನೆ. 'ಹುಡುಗಾಟ ಸಾಕು' ಅಂತ ಯಾರೋ ಎಂದೋ ಹೇಳಿದ ಮಾತನ್ನು ನೀವು ಇನ್ನೂ ಎಷ್ಟು ವರ್ಷ ಪಾಲಿಸುತ್ತೀರಿ?